ಜಡೆಗೆ ಉಣಿಸಿದ ಪ್ರೋಟೀನ್

ಪ್ರೋಟೀನ್ ಎಂಬ ಮಾತು ಈಚೆಗೆ ಯಾರ ಬಾಯಲ್ಲಿ ಬಂದರೂ ನನಗೆ ಮೈಯೆಲ್ಲ ಉರಿಯುತ್ತದೆ. ಅದು ನನ್ನ ಮಾತು ಸ್ವಾಮಿ, ನನ್ನ ಸ್ವಯಾರ್ಜಿತ ಆಸ್ತಿ! ಕಾಲೇಜಿನಲ್ಲಿ ಸೀಮೆಸುಣ್ಣದ ಧೂಳು ಕುಡಿದು, ಕೊನೆಯ ಬೆಂಚಿನ ಗೊರಕೆಯ ಹಿಮ್ಮೇಳದೊಂದಿಗೆ ವರ್ಷಗಟ್ಟಲೆ ಜೀವರಸಾಯನಶಾಸ್ತ್ರ ಬೋಧಿಸಿಕೊಂಡು ಬಂದವನು ನಾನು. ನನ್ನ ತರಗತಿಯಲ್ಲಿ ಪ್ರೋಟೀನ್ ಎಂದರೆ ಆಕಳಿಸುವ ಜನವೇ ಅಂಗಡಿಯಲ್ಲಿ ಪ್ರೋಟೀನ್ ಎಂದರೆ ಮುಗಿಬೀಳುತ್ತಾರೆ. ಬಿಸ್ಕತ್ತಿನಲ್ಲಿ ಪ್ರೋಟೀನ್, ಸೋಪಿನಲ್ಲಿ ಪ್ರೋಟೀನ್, ಪಕ್ಕದ ಮನೆಯ ನಾಯಿ ತಿನ್ನುವುದರಲ್ಲಂತೂ ನಾನು ತಿನ್ನುವುದಕ್ಕಿಂತ ಹೆಚ್ಚು ಪ್ರೋಟೀನ್. ಇಷ್ಟಾದರೂ ಅದನ್ನು ಕಲಿಸುವವನಿಗೆ ಮೂರು ಕಾಸಿನ ಬೆಲೆಯಿಲ್ಲ.

ಇತ್ತ ಕಾರ್ಬೋಹೈಡ್ರೇಟಿನ ಪಾಡು ಯಾರಿಗೂ ಬೇಡ. ತಟ್ಟೆಯಲ್ಲಿ ಆಲೂಗಡ್ಡೆ ಕಂಡರೆ ಜನ ಹಾವು ಕಂಡಂತೆ ಹೌಹಾರುತ್ತಾರೆ. ಪಾಪ, ಅದೇನು ಪಾಪ ಮಾಡಿತ್ತು? ಗ್ಲೂಕೋಸ್ ಎಂಬುದೊಂದು ಒಂಟಿ ಜೀವ. ಅದು ಫ್ರಕ್ಟೋಸಿನ ಕೈ ಹಿಡಿದರೆ ನಾವು ಕಾಫಿಗೆ ಹಾಕುವ ಸಕ್ಕರೆ. ಸಾವಿರಾರು ಗ್ಲೂಕೋಸುಗಳು ಒಂದೇ ಸೂರಿನಡಿ ಕೂಡಿ ಬಾಳಿದರೆ ಪಿಷ್ಟ, ಅಂದರೆ ಅವಿಭಕ್ತ ಕುಟುಂಬ. ಇಂಥ ಒಂದೊಂದು ಸಂಬಂಧ ಕೂಡುವಾಗಲೂ ಒಂದು ನೀರಿನ ಅಣು ಹೊರಗೆ ಬೀಳುತ್ತದೆ (ಕಣ್ಣೀರು ಎಂದುಕೊಳ್ಳಿ, ಮದುವೆಯಾದವರಿಗೆ ಹೆಚ್ಚಿನ ವಿವರಣೆ ಬೇಡ). ಎಂಥ ಸುಂದರ ವಿಷಯ! ಇದನ್ನು ಒಮ್ಮೆ ಊಟದ ಹೊತ್ತಿನಲ್ಲಿ ಮನದುಂಬಿ ವಿವರಿಸಿದೆ. ನಮ್ಮ ಜೊತೆಗೇ ಇರುವ ನಮ್ಮ ಅತ್ತೆಯವರು ಕೊನೆಯವರೆಗೂ ಕೇಳಿ, "ಅದೆಲ್ಲ ಇರ್ಲಿ ಅಳಿಯಂದಿರೇ, ಆಲೂಗಡ್ಡೆ ಬೆಂದಿದ್ಯೋ ಇಲ್ವೋ ಅಷ್ಟು ಹೇಳಿ" ಎಂದರು. ಈ ಮನೆಯಲ್ಲಿ ವಿಜ್ಞಾನಕ್ಕಿರುವ ಮರ್ಯಾದೆ ಇಷ್ಟೇ.

ನನ್ನ ಹೆಂಡತಿ ಶಾಲೆಯೊಂದರಲ್ಲಿ ಗಣಿತದ ಟೀಚರು. ಟೀಚರು ಎನ್ನುವುದು ಸಂಬಳದ ಮಟ್ಟಿಗೆ. ಕೆಲಸದ ಮಟ್ಟಿಗೆ ಶಾಲೆ ನಡೆಸುತ್ತಿದ್ದವಳೇ ಅವಳು. ಅಲ್ಲಿನ ಹೆಡ್‌ಮಾಸ್ಟರು ಬೆಳಿಗ್ಗೆ ಬಂದು ಕುರ್ಚಿಗೆ ಬೆನ್ನು ಕೊಟ್ಟರೆ ಸಂಜೆಯ ಗಂಟೆ ಹೊಡೆದಾಗಲೇ ಕಣ್ಣು ಬಿಡುತ್ತಿದ್ದರು. ವೇಳಾಪಟ್ಟಿ ಹಾಕುವವಳು ಇವಳು, ಹೆತ್ತವರ ಜಗಳ ಬಿಡಿಸುವವಳು ಇವಳು, ಸೋರುವ ನಲ್ಲಿಗೆ ಬಟ್ಟೆ ಕಟ್ಟುವವಳೂ ಇವಳು. ಫೋಟೋ ಮಾತ್ರ ಅವರದ್ದು. ಪ್ರತಿ ವರ್ಷದ ಗ್ರೂಪ್ ಫೋಟೋದಲ್ಲೂ ಅವರು ನಟ್ಟನಡುವೆ ಎದೆಯುಬ್ಬಿಸಿ ಕೂತಿದ್ದರೆ, ಇವಳು ಅಂಚಿನಲ್ಲಿ, ಒಂದು ಕಿವಿ ಚೌಕಟ್ಟಿನ ಆಚೆ. ಅಂತೂ ಇಂತೂ ಅವರು ನಿವೃತ್ತರಾದರು (ಅದು ಅವರ ಗಮನಕ್ಕೆ ಬರಲು ಕೆಲವು ದಿನ ಹಿಡಿಯಿತಂತೆ). ಕುರ್ಚಿ ಇವಳಿಗೆ ಬಂತು. ಶನಿವಾರ ಸಂಜೆ ಅಧಿಕಾರ ವಹಿಸಿಕೊಳ್ಳುವ ಸಮಾರಂಭ. ಅಂದು ತೆಗೆಯುವ ಫೋಟೋ ಹಿಂದಿನವರ ಸಾಲಿನಲ್ಲಿ ಗೋಡೆ ಏರಿದರೆ, ಆ ಗೋಡೆ ಬೀಳುವವರೆಗೂ ಅಲ್ಲೇ ಇರುತ್ತದೆ.

"ಆ ಫೋಟೋದಲ್ಲಿ ನಾನು ಚೆನ್ನಾಗಿ ಕಾಣ್ಬೇಕು ರೀ" ಎಂದಳು ಹೆಂಡತಿ. "ನಗ್ಬೇಡಿ. ಇಷ್ಟು ವರ್ಷಕ್ಕೆ ಇದೊಂದೇ ನಾನು ಆಸೆಪಟ್ಟಿದ್ದು."

ನಾನು ನಗಲಿಲ್ಲ. ನಕ್ಕು ಸುಮ್ಮನಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

"ಪಾರ್ಲರಿನವಳು ನನ್ನ ಜಡೆ ಮುಟ್ಟಿ ನೋಡಿ, ಒಣಗಿ ನಾರಾಗಿದೆ ಮೇಡಂ ಅಂದ್ಲು. ಪ್ರೋಟೀನ್ ಟ್ರೀಟ್‌ಮೆಂಟ್ ಮಾಡಿಸಿದ್ರೆ ಮಿರಮಿರ ಮಿಂಚುತ್ತಂತೆ. ಶನಿವಾರ ಬೆಳಿಗ್ಗೆ ಬರ್ತೀನಿ ಅಂದಿದ್ದೀನಿ."

ನನ್ನ ಕೈಯಲ್ಲಿದ್ದ ಚಮಚ ಜಾರಿ ನೆಲಕ್ಕೆ ಬಿತ್ತು. ಜೊತೆಗೇ ಅವಳು ಹೇಳಿದ ಪಾರ್ಲರಿನ ದರ ಕೇಳಿ ಅಲ್ಲ (ದರ ದುಬಾರಿಯಾಗಿದ್ದು ನಿಜ, ಆದರೆ ನನ್ನ ವಿರೋಧ ಶುದ್ಧ ತಾತ್ವಿಕ ನೆಲೆಯದು). ನನ್ನ ಪ್ರೋಟೀನು ಕತ್ತರಿ ಬಾಚಣಿಗೆಯವರ ಕೈಗೂ ಹೋಯಿತೇ ಎಂಬ ಸಂಕಟ.

"ಲೇ, ಕೂದ್ಲೇ ಪ್ರೋಟೀನು ಕಣೇ! ಕೆರಾಟಿನ್! ಅದೂ ಜೀವ ಇಲ್ಲದ್ದು. ಹೆಣದ ಬಾಯಿಗೆ ಟಾನಿಕ್ ಹುಯ್ದ್ರೆ ಎದ್ದು ಕೂರುತ್ತಾ?"

"ಒಳ್ಳೆ ಮಾತಾಡೋ ಹೊತ್ತಲ್ಲಿ ಹೆಣದ ಸುದ್ದಿ ಯಾಕೆ ಅಳಿಯಂದಿರೇ" ಎಂದು ಅತ್ತೆ ಒಳಗಿನಿಂದ ಗದರಿದರು.

ಆಗ ಹೊಳೆಯಿತು ನೋಡಿ ನನಗೆ ಆ ದಿವ್ಯ ಉಪಾಯ. ಬುದ್ಧಿಗೇಡಿಗಳಿಗೆ ಉಪಾಯ ಹೊಳೆಯುವಾಗ ಮುಖದ ಮೇಲೊಂದು ಕಳೆ ಬರುತ್ತದಂತೆ, ನನಗೂ ಬಂದಿರಬೇಕು.

"ಆ ಪ್ರೋಟೀನನ್ನ ನಾನು ಮನೆಯಲ್ಲೇ ಹಾಕ್ತೀನಿ. ಮೊಟ್ಟೆ! ಮೊಟ್ಟೆಯ ಬಿಳಿ ಅಂದ್ರೆ ಅಲ್ಬುಮಿನ್, ಅಪ್ಪಟ ಪ್ರೋಟೀನು."

"ಈಗ ತಾನೇ ಜೀವ ಇಲ್ಲದ ಕೂದ್ಲಿಗೆ ಏನು ಹಾಕಿದ್ರೂ ಪ್ರಯೋಜನ ಇಲ್ಲ ಅಂದ್ರಿ?"

"ಅವಳು ಹಾಕಿದ್ರೆ ಇಲ್ಲ. ನಾನು ಹಾಕಿದ್ರೆ ಅದಕ್ಕೊಂದು ಶಾಸ್ತ್ರ ಇರುತ್ತೆ."

ಗಣಿತದ ಟೀಚರಿಗೆ ಈ ತರ್ಕ ಒಪ್ಪಿಗೆಯಾಗಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಅವಳು, "ಮದುವೆ ಆದಾಗಿನಿಂದ ಒಂದು ದಿನ ಆದ್ರೂ ನನ್ನ ತಲೆ ಮುಟ್ಟಿದ್ದೀರಾ? ಈಗ ನೀವೇ ತೊಳೀತೀನಿ ಅಂತಿದ್ದೀರಿ" ಎಂದಳು. ದನಿ ಮೆತ್ತಗಾಗಿತ್ತು. "ಸರಿ. ಪಾರ್ಲರಿಗೆ ಬರಲ್ಲ ಅಂತ ಫೋನ್ ಮಾಡ್ತೀನಿ."

"ಬೇಡ ಕಣೇ" ಎಂದರು ಅತ್ತೆ. "ಇವ್ರು ಬಲ್ಬ್ ಹಾಕೋಕೆ ಹೋಗಿ ಇಡೀ ಬೀದಿಗೆ ಕತ್ತಲೆ ಮಾಡ್ದೋರು."

(ಬಲ್ಬಿನ ಪ್ರಕರಣದಲ್ಲಿ ತಪ್ಪು ವಿದ್ಯುತ್ ಇಲಾಖೆಯದು. ಅದನ್ನು ಇನ್ನೊಬ್ಬರು ನಂಬದಿದ್ದರೆ ನಾನೇನು ಮಾಡಲಿ?)

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಚ್ಚಲುಮನೆಯನ್ನು ಪ್ರಯೋಗಾಲಯವಾಗಿ ಪರಿವರ್ತಿಸಿದೆ. ಕುರ್ಚಿಯಲ್ಲಿ ಹೆಂಡತಿ ತಲೆಯನ್ನು ಹಿಂದಕ್ಕೆ ಚಾಚಿ ಕಣ್ಣು ಮುಚ್ಚಿ ಕೂತಳು. ಕೂದಲು ಕುರ್ಚಿಯ ಬೆನ್ನಿನಿಂದಾಚೆ ನೆಲದತ್ತ ಇಳಿಬಿದ್ದಿತ್ತು. ಮೊಟ್ಟೆಗಳನ್ನು ಒಡೆದು ಬಟ್ಟಲಿಗೆ ಹಾಕಿ, ಅದಕ್ಕೆ ಧಾರಾಳವಾಗಿ ಸಕ್ಕರೆ ಸುರಿದು ಕಲಕಿದೆ. ಸಕ್ಕರೆ ಯಾಕೆ ಎನ್ನುತ್ತೀರೇನೋ. ಸಕ್ಕರೆಯ ಅಣುವಿನ ಮೈತುಂಬ ನೀರನ್ನು ಹಿಡಿದಿಟ್ಟುಕೊಳ್ಳುವ ಗುಂಪುಗಳಿವೆ, ಕೂದಲು ಒಣಗಲಾರದು. ಬರೀ ಪ್ರೋಟೀನು ಹಾಕುವ ಪಾರ್ಲರಿನವಳೆಲ್ಲಿ, ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟುಗಳನ್ನು ಏಕಕಾಲಕ್ಕೆ ಪ್ರಯೋಗಿಸುವ ನಾನೆಲ್ಲಿ!

ಹಚ್ಚುತ್ತಾ ಹಚ್ಚುತ್ತಾ ನನಗೆ ಪಾಠದ ಹುರುಪು ಬಂತು. ತರಗತಿಯಲ್ಲಾದರೆ ಎದ್ದು ಹೋಗುವವರಿರುತ್ತಾರೆ. ಇಲ್ಲಿ ವಿದ್ಯಾರ್ಥಿನಿಯ ಜುಟ್ಟೇ ನನ್ನ ಕೈಯಲ್ಲಿತ್ತು.

"ನೋಡು, ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಸರ. ಆ ಸರ ಉದ್ದಕ್ಕೆ ಬಿದ್ದಿರಲ್ಲ. ಮಡಚ್ಕೊಂಡು, ಸುತ್ಕೊಂಡು, ತನ್ನದೇ ಆದ ಒಂದು ಆಕಾರದಲ್ಲಿ ಕೂತಿರುತ್ತೆ. ಆ ಆಕಾರ ಇರೋ ತನಕ ಅದಕ್ಕೆ ಬೆಲೆ. ಬಿಸಿ ತಾಗ್ತೋ, ಮುಗೀತು! ಮಡಿಕೆ ಎಲ್ಲ ಬಿಚ್ಚಿ, ಒಂದಕ್ಕೊಂದು ಗೋಜಲಾಗಿ, ಗಟ್ಟಿಯಾಗಿ ಹೋಗುತ್ತೆ. ಇದಕ್ಕೆ ಡಿನೇಚರೇಶನ್ ಅಂತೀವಿ. ಆಮೇಲೆ ಸಾಕ್ಷಾತ್ ಬ್ರಹ್ಮ ಬಂದ್ರೂ ಅದನ್ನ ಮೊದಲಿನ ಹಾಗೆ ಮಾಡೋಕಾಗಲ್ಲ."

"ಹೂಂ" ಎಂದಳು ಹೆಂಡತಿ, ನಿದ್ದೆಗಣ್ಣಿನಲ್ಲಿ. ತಲೆ ತಿಕ್ಕಿಸಿಕೊಂಡ ಹಿತ ಅದು.

ಅಷ್ಟು ಹೊತ್ತಿಗೆ ಸಕ್ಕರೆ ಅಂಟಾಗಿ ನನ್ನ ಬೆರಳುಗಳೇ ಕೂದಲಿಗೆ ಸಿಕ್ಕಿಕೊಳ್ಳತೊಡಗಿದವು. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ, ಇದು ಶಾಲೆಯ ಮಕ್ಕಳಿಗೂ ಗೊತ್ತು. ನಾನು ಮೇಲಿನ ಪಾಠ ಮುಗಿಸಿದ ಅದೇ ಬಾಯಲ್ಲಿ, ನಾಲಿಗೆ ಇನ್ನೂ ಒಣಗಿರಲಿಲ್ಲ, "ಅತ್ತೇ, ಒಂದು ಬಕೆಟ್ ಬಿಸಿನೀರು ಕೊಡಿ" ಎಂದು ಕೂಗಿದೆ.

"ಎಷ್ಟು ಬಿಸಿ ಇರ್ಬೇಕು?"

"ಒಳ್ಳೆ ಕುದಿಯೋ ಹಾಗಿರ್ಲಿ. ಅಂಟು ಬಿಡ್ಬೇಕಲ್ಲ."

ಹೆಂಡತಿಯ ತಲೆ ಸುಡಬಾರದು ಎಂಬ ಎಚ್ಚರ ನನಗಿತ್ತು, ಅದನ್ನು ದಯವಿಟ್ಟು ಗಮನಿಸಿ. ನೆತ್ತಿಗೆ ಒಂದು ಹನಿಯೂ ಸೋಕದಂತೆ, ಹೆಗಲಿನಿಂದ ಕೆಳಗಿನ ಕೂದಲನ್ನು ಮಾತ್ರ ಜೋಪಾನವಾಗಿ ಬಕೆಟ್ಟಿಗೆ ಇಳಿಬಿಟ್ಟೆ. ಸಕ್ಕರೆ ನಾನು ಹೇಳಿದಂತೆಯೇ ಕರಗಿತು. ಆ ವಿಷಯದಲ್ಲಿ ಈಗಲೂ ಯಾರ ಮುಂದೆ ಬೇಕಾದರೂ ತಲೆಯೆತ್ತಿ ನಿಲ್ಲಬಲ್ಲೆ. ಬಕೆಟ್ಟಿನಲ್ಲಿ ಮಾತ್ರ ಬೆಳ್ಳಗೆ, ಹಳದಿಯಾಗಿ ಏನೋ ಅರಳತೊಡಗಿತು.

ಅತ್ತೆ ಬಾಗಿಲಲ್ಲಿ ಬಂದು ಮೂಗರಳಿಸಿದರು. "ತಿಂಡಿ ಆಯ್ತಲ್ಲ, ಮತ್ತೆ ಯಾಕೆ ಆಮ್ಲೆಟ್ ವಾಸನೆ?"

ಹೆಂಡತಿ ಕಣ್ಣು ಬಿಟ್ಟಳು. ನಾನು ಕೂದಲನ್ನು ಮೇಲೆತ್ತಿದೆ. ಅದು ಕೂದಲಾಗಿ ಉಳಿದಿರಲಿಲ್ಲ. ಎಳೆ ಎಳೆಗೂ ಬೆಂದ ಮೊಟ್ಟೆ ಗಂಟುಗಂಟಾಗಿ ಕಚ್ಚಿಕೊಂಡು, ಹಗ್ಗದಂತೆ ದಪ್ಪಗೆ ಜೋತುಬಿದ್ದಿತ್ತು. ಬಾಚಣಿಗೆ ಹಾಕಿದರೆ ಎರಡು ಹಲ್ಲು ಅಲ್ಲೇ ಉಳಿದುಕೊಂಡವು. ಎಳೆದರೆ ಅವಳು ಚೀರಿದಳು, ಬಿಟ್ಟರೆ ಅತ್ತೆ ಚೀರಿದರು.

"ರೀ, ಬಿಸಿ ತಾಗಿದ್ರೆ ಗಟ್ಟಿ ಆಗುತ್ತೆ ಅಂತ ಈಗ ತಾನೇ ಹೇಳಿದ್ರಲ್ಲ?"

"ಹೇಳಿದೆ."

"ಯಾರಿಗೆ ಹೇಳಿದ್ದು?"

ಓದಿ ಗೊತ್ತಿದ್ದದ್ದೂ ಕೆಲಸಕ್ಕೆ ಬಾರದೆ ಹೋಗುವುದು ಎಷ್ಟು ಸುಲಭ ಎಂದು ನನಗೆ ಆಗ ತಿಳಿಯಿತು.

ಆದರೆ ಪಂಡಿತ ಸೋಲೊಪ್ಪುತ್ತಾನೆಯೇ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. "ಗಾಬರಿ ಬೇಡ. ಪಪ್ಪಾಯಿಕಾಯಿಯ ಹಾಲಿನಲ್ಲಿ ಒಂದು ಕಿಣ್ವ ಇದೆ. ಪ್ರೋಟೀನಿನ ಸರವನ್ನ ಕಚಕಚ ಕತ್ತರಿಸಿ ಹಾಕುತ್ತೆ" ಎಂದು ಹಣ್ಣಿನ ಅಂಗಡಿಗೆ ಚಪ್ಪಲಿ ಅದಲುಬದಲು ಹಾಕಿಕೊಂಡೇ ಓಡಿದೆ. ಎಳೆಯ ಕಾಯಿ ತಂದು, ಸಿಪ್ಪೆ ಸಮೇತ ರುಬ್ಬಿದೆ. ಬಿಸಿಯಾದರೆ ಕ್ರಿಯೆ ಚುರುಕಾಗುತ್ತದೆಂದು ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಬಚ್ಚಲುಮನೆಯಿಂದ ಪ್ರಶ್ನೆ ಬಂತು.

"ಕೂದ್ಲೂ ಪ್ರೋಟೀನು, ಮೊಟ್ಟೆನೂ ಪ್ರೋಟೀನು. ಯಾವುದನ್ನ ಕತ್ತರಿಸಬೇಕು, ಯಾವುದನ್ನ ಬಿಡಬೇಕು ಅಂತ ಪಪ್ಪಾಯಿಗೆ ಗೊತ್ತಾಗುತ್ತಾ?"

"ಕೆರಾಟಿನ್ ಬಹಳ ಗಟ್ಟಿ ಕಣೇ. ಅದರೊಳಗೆ ಗಂಧಕದ ಕೊಂಡಿಗಳಿವೆ. ಪಪ್ಪಾಯಿಯ ಆಟ ಅದರ ಮುಂದೆ ನಡೆಯಲ್ಲ."

"ಆ ಕಿಣ್ವ ಅಂದ್ರಲ್ಲ, ಅದೇನು ವಸ್ತು?"

"ಕಿಣ್ವಗಳೆಲ್ಲ ಪ್ರೋಟೀ..." ಎಂದವನ ಬಾಯಿ ತೆರೆದಂತೆಯೇ ಉಳಿಯಿತು. ಹಿಂದೆ ಒಲೆಯ ಮೇಲೆ ಪಪ್ಪಾಯಿ ಕೊತಕೊತ ಕುದಿಯುತ್ತಿತ್ತು.

"ಅದನ್ನೂ ಬೇಯಿಸಿದ್ರಾ?" ಎಂದಳು ಹೆಂಡತಿ.

"ಗೊಜ್ಜಿಗೆ ಆಗುತ್ತೆ ಬಿಡು" ಎಂದರು ಅತ್ತೆ.

ಹೆಂಡತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದಕ್ಕೆ ನನಗೆ ಸಾಕಷ್ಟು ತರಬೇತಿಯಿದೆ. ಅವಳು ಬೈಯಲಿಲ್ಲ. ಟವೆಲಿನಲ್ಲಿ ತಲೆ ಸುತ್ತಿಕೊಂಡು, ಪಾರ್ಲರಿಗೆ ಫೋನ್ ಮಾಡಿ, ಬೀದಿಯ ಜನ ನೋಡುತ್ತಿರುವಂತೆಯೇ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಪಾರ್ಲರಿನವಳು ಟವೆಲು ಬಿಚ್ಚಿದವಳೇ ಎರಡು ಹೆಜ್ಜೆ ಹಿಂದೆ ಸರಿದಳು.

"ಅಯ್ಯೋ ಮೇಡಂ! ಯಾರು ಮಾಡಿದ್ದು ಇದನ್ನ?"

"ನಮ್ಮನೆಯವ್ರು."

"ಏನು ಕೆಲಸ ಮಾಡ್ತಾರೆ?"

"ಕಾಲೇಜಲ್ಲಿ ಪ್ರೋಟೀನ್ ಪಾಠ ಮಾಡ್ತಾರೆ."

ಪಾರ್ಲರಿನವಳು ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಅವಳ ಭುಜ ಕುಣಿಯುವುದು ಅಲ್ಲಿದ್ದ ಎಲ್ಲ ಕನ್ನಡಿಗಳಲ್ಲೂ ನನಗೆ ಕಾಣಿಸಿತು. ಸಂಜೆಯೊಳಗೆ ಇದನ್ನು ಬಿಡಿಸಲು ಆಗುವುದಿಲ್ಲ, ಕತ್ತರಿಸಬೇಕು ಎಂದಳು. ಹೆಂಡತಿ ತುಸು ಹೊತ್ತು ಕನ್ನಡಿ ನೋಡಿದಳು. "ಅಂಚಿನಲ್ಲಿ ನಿಂತು ನಿಂತು ಸಾಕಾಗಿತ್ತು. ಇವತ್ತೊಂದು ದಿನ ಲಕ್ಷಣವಾಗಿ ನಿಲ್ಲೋಣ ಅಂತಿದ್ದೆ" ಎಂದು ಯಾರಿಗೆ ಅಂತ ಇಲ್ಲದೆ ಹೇಳಿ ಕಣ್ಣು ಮುಚ್ಚಿದಳು. ಕತ್ತರಿ ಆಡಿತು. ಮದುವೆಯ ದಿನದಿಂದ ನಾನು ಹಿಂದಿನಿಂದ ನೋಡಿಕೊಂಡು ಬಂದಿದ್ದ ಆ ಜಡೆ, ಮೊಟ್ಟೆಯ ಸಮೇತ, ನೆಲಕ್ಕೆ ಬಿತ್ತು. ಕ್ಷಮಿಸು ಎನ್ನಬೇಕೆಂದುಕೊಂಡೆ, ಆದರೆ ಪಾರ್ಲರಿನವಳು ಎದುರಿಗಿದ್ದುದರಿಂದ "ಬೇಗ ಬೆಳೆಯುತ್ತೆ" ಎಂದೆ. ಇಬ್ಬರೂ ನನ್ನತ್ತ ನೋಡಿದ ನೋಟಕ್ಕೆ ಹಾಲಿಟ್ಟಿದ್ದರೆ ಒಡೆಯುತ್ತಿತ್ತು.

ಸಂಜೆ ಸಮಾರಂಭದಲ್ಲಿ ನಾನು ಮೂರನೇ ಸಾಲಿನ ಕಂಬವೊಂದನ್ನು ಆಶ್ರಯಿಸಿ ಕೂತೆ. ಪಕ್ಕದಲ್ಲಿ ಅತ್ತೆ. ಹೆಂಡತಿ ವೇದಿಕೆ ಹತ್ತಿದಾಗ ಸಭೆ ಗಪ್‌ಚಿಪ್. ಕಿವಿಯ ಕೆಳಗೆ ನಿಲ್ಲುವ ಕೂದಲು, ನೆಟ್ಟಗಿನ ಕತ್ತು. ಈಕೆ ಯಾರು ಎಂದು ಅರ್ಧ ಜನಕ್ಕೆ ಗೊತ್ತೇ ಆಗಲಿಲ್ಲ. ಫೋಟೋದವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಅವಳು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು.

"ಮೇಡಂ ಜಡೆ ಎಲ್ಲಿ ಹೋಯ್ತು ಅಂತ ನೀವೆಲ್ಲ ಯೋಚನೆ ಮಾಡ್ತಿದ್ದೀರಿ. ಅದಕ್ಕೆ ಕಾರಣಕರ್ತರು ಮೂರನೇ ಸಾಲಿನ ಕಂಬದ ಹಿಂದೆ ಇದ್ದಾರೆ."

ಇಡೀ ಸಭೆ ತಿರುಗಿತು. ನಾನು ಕಂಬವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ. ಅತ್ತೆ ಕೈ ಎತ್ತಿ, "ಇವ್ರೇ, ಇವ್ರೇ" ಎಂದು ತೋರಿಸಿದರು.

ಹೆಂಡತಿ ಹೇಳುತ್ತಾ ಹೋದಳು. ಮೊಟ್ಟೆ, ಸಕ್ಕರೆ, ನನ್ನ ಪಾಠ, ಪಾಠದ ಬೆನ್ನಿಗೇ ಬಿಸಿನೀರು, ಪಪ್ಪಾಯಿ, ಯಾವುದನ್ನೂ ಬಿಡಲಿಲ್ಲ. ನನ್ನ ದನಿಯನ್ನೂ ಅನುಕರಿಸಿದಳು. ಅಷ್ಟು ಚೆನ್ನಾಗಿ ನಾನೇ ಮಾತಾಡಲಾರೆ. ಮಕ್ಕಳು ಬೆಂಚು ಗುದ್ದಿ ನಕ್ಕರು, ಹೆತ್ತವರು ಕಣ್ಣೊರೆಸಿಕೊಂಡು ನಕ್ಕರು, ನಿವೃತ್ತ ಹೆಡ್‌ಮಾಸ್ಟರು ಗಾಬರಿಯಿಂದ ಎಚ್ಚೆತ್ತು ಏನೂ ತಿಳಿಯದೆಯೇ ನಕ್ಕರು. "ಮಕ್ಕಳೇ, ಬಾಯಿಪಾಠ ಮಾಡಿದ್ರೆ ಮಾರ್ಕ್ಸ್ ಬರುತ್ತೆ, ಬುದ್ಧಿ ಬರಲ್ಲ. ಬೇಕಾದ್ರೆ ನಮ್ಮನೆಗೆ ಬಂದು ನೋಡಿ" ಎಂದು ಮುಗಿಸಿ ಅವಳೂ ನಗತೊಡಗಿದಳು. ಫೋಟೋದವನು ಅದೇ ಗಳಿಗೆಗೆ ಗುಂಡಿ ಒತ್ತಿದ. ಆ ಗೋಡೆಯ ಮೇಲೆ ಹಿಂದಿನವರೆಲ್ಲ ಹಲ್ಲುನೋವು ಬಂದವರ ಹಾಗೆ ಬಿಗಿದುಕೊಂಡು ಕೂತಿದ್ದಾರೆ; ಬಾಯಿತುಂಬ ನಗುತ್ತಿರುವವಳು ನನ್ನ ಹೆಂಡತಿ ಒಬ್ಬಳೇ. ಅದನ್ನು ನೋಡಿದಾಗಲೆಲ್ಲ ನನಗೆ ನಾಚಿಕೆಯೂ ಆಗುತ್ತದೆ, ಹೆಮ್ಮೆಯೂ ಆಗುತ್ತದೆ. ಬಹುಪಾಲು ನಾಚಿಕೆ.

ಈಗ ಆ ಶಾಲೆಯ ಟೀಚರುಗಳಲ್ಲಿ ಅರ್ಧ ಜನ ಅದೇ ರೀತಿ ಕೂದಲು ಕತ್ತರಿಸಿಕೊಂಡಿದ್ದಾರೆ. ಪಾರ್ಲರಿನವಳು ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಹೇಳುತ್ತಾಳೆ. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ನಿಮ್ಮ ಮುಂದೆ ತೋಡಿಕೊಳ್ಳುತ್ತಿರಲಿಲ್ಲ. ಆದರೆ ಆ ಸಭೆಯಲ್ಲಿ ಕೂತಿದ್ದ ಮಕ್ಕಳಿಗೆ ಅಣ್ಣಂದಿರೂ ಅಕ್ಕಂದಿರೂ ಇದ್ದಾರೆ, ಅವರು ಓದುತ್ತಿರುವುದು ನನ್ನ ಕಾಲೇಜಿನಲ್ಲಿ.

ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮೊನ್ನೆ ಸಂಜೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. 'ಡಿನೇಚರೇಶನ್ ಎಂದರೇನು? ಒಂದು ಉದಾಹರಣೆ ಕೊಡಿ' ಎಂಬುದು ಪ್ರಶ್ನೆ. ವರ್ಷಾ ವರ್ಷಾ ಇದನ್ನು ಕೇಳಿ, ಅರ್ಧ ತರಗತಿ ಖಾಲಿ ಬಿಡುವುದನ್ನು ನೋಡಿ ಬೇಸತ್ತವನು ನಾನು. ಈ ಸಲ ಒಬ್ಬರೂ ಬಿಟ್ಟಿರಲಿಲ್ಲ. ಹುಡುಗರು, ಹುಡುಗಿಯರು, ಕೊನೆಯ ಬೆಂಚಿನ ಗೊರಕೆಯವರು ಸಹ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: "ಉದಾಹರಣೆ: ನಮ್ಮ ಸರ್ ಅವರ ಶ್ರೀಮತಿಯವರ ಜಡೆಗೆ ಹಚ್ಚಿದ ಮೊಟ್ಟೆ. ಈ ಕ್ರಿಯೆಯನ್ನು ಹಿಂದಿರುಗಿಸಲು ಸಾಧ್ಯವಿಲ್ಲ."

ಕೆಂಪು ಪೆನ್ನು ಹಿಡಿದು ತಡಕಾಡಿದೆ. ಎಲ್ಲಿ ತಪ್ಪು ಎಂದು ಗೆರೆ ಎಳೆಯಲಿ? ಒಂದು ಅಕ್ಷರವೂ ಸುಳ್ಳಲ್ಲ. ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟೆ. ನನ್ನ ಇಡೀ ನೌಕರಿಯಲ್ಲಿ ಒಂದು ಪ್ರಶ್ನೆಗೆ ಇಡೀ ತರಗತಿ ಸರಿಯುತ್ತರ ಬರೆದದ್ದು ಇದೇ ಮೊದಲು.

ಅಷ್ಟರಲ್ಲಿ ಹೆಂಡತಿ ಹಿಂದೆ ಬಂದು ನಿಂತು, ಒಂದೊಂದೇ ಹಾಳೆ ಎತ್ತಿ ಓದಿದಳು. ಅಂಕದ ಜಾಗಕ್ಕೆ ಬಂದಾಗ ಅವಳ ಹುಬ್ಬು ಗಂಟಿಕ್ಕಿತು.

"ಈ ಪ್ರಶ್ನೆಗೆ ಎಷ್ಟು ಮಾರ್ಕ್ಸು?"

"ಎರಡು" ಎಂದೆ.

"ಎರಡೇನಾ? ಸೊಂಟದ ತನಕ ಇದ್ದ ಜಡೆ ಹೋಯ್ತು ರೀ, ಬರೀ ಎರಡು ಮಾರ್ಕ್ಸಾ?"

"ಅನ್ಯಾಯ ಅಳಿಯಂದಿರೇ" ಎಂದರು ಅತ್ತೆ ಒಳಗಿನಿಂದ.

ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಈಗಷ್ಟೇ ಸಿದ್ಧವಾಗಿದೆ. ಆ ಪ್ರಶ್ನೆಗೆ ಹತ್ತು ಅಂಕ. ಕೊನೆಯಲ್ಲಿ 'ಚಿತ್ರಸಹಿತ ವಿವರಿಸಿ' ಎಂದು ಹೆಂಡತಿ ತನ್ನ ಕೈಯಾರೆ ಸೇರಿಸಿದ್ದಾಳೆ.